ಅಮೆರಿಕದ ಹಳೇ ಮನೆ ಪತ್ರದಲ್ಲಿ ‘ಬಿಳಿಯರಿಗೆ ಮಾತ್ರ’ ಎಂಬ ಕಲಮು: ಈಗಲೂ ಊರ್ಜಿತವೇ? ಇದನ್ನು ಬರೆಸಿದವರು ಯಾರು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದಲ್ಲಿ 1941ರ ಲೇಔಟಿನ ಮನೆಯೊಂದರ ಖರೀದಿ ಮಾತುಕತೆ ನಡೆಯುತ್ತಿದೆ. ಟೈಟಲ್ ಕಂಪನಿ (ಆಸ್ತಿಯ ಹಕ್ಕುದಾಖಲೆ ಪರಿಶೀಲಿಸುವ ಸಂಸ್ಥೆ) ಕಳಿಸಿದ ಕಡತದಲ್ಲಿ ಲೇಔಟ್ ಮಾಡಿದವರು ಆಗ ನೋಂದಾಯಿಸಿದ ಷರತ್ತುಪತ್ರವೂ ಇದೆ. ರಸ್ತೆಯಿಂದ ಎಷ್ಟು ಅಡಿ ಜಾಗ ಬಿಡಬೇಕು, ಕೋಳಿ ಸಾಕಬಾರದು ಎಂಬಂಥ ಷರತ್ತುಗಳ ನಡುವೆ ಒಂದು ಕಲಮು ಹೀಗಿದೆ: ಕಾಕೇಸಿಯನ್ ಜನಾಂಗದವರಲ್ಲದ ಯಾರೂ ಇಲ್ಲಿ ವಾಸಿಸುವಂತಿಲ್ಲ, ಮನೆಗೆಲಸದ ಆಳುಗಳಿಗೆ ಮಾತ್ರ ವಿನಾಯಿತಿ.

ಇದಕ್ಕೆ ಈಗ ಬೆಲೆ ಇದೆಯೇ? ತೆಗೆಸಲು ಏನು ಮಾಡಬೇಕು? ಇದು ಆ ಬಿಲ್ಡರ್‌ನ ಸ್ವಂತ ಬುದ್ಧಿಯೋ, ಸರ್ಕಾರದ ಕೈವಾಡವೋ? ಇಂಥ ಕಲಮುಗಳಿಗೂ ಇವತ್ತಿನ ಅಮೆರಿಕದಲ್ಲಿ ಕಪ್ಪು ಜನರ ಸ್ಥಿತಿಗೂ ನಿಜಕ್ಕೂ ಸಂಬಂಧ ಇದೆಯೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಕಾಗದಪತ್ರ:

ಮೊದಲ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ.

ಕಲಮಿಗೆ ಕಾನೂನಿನ ಬಲ ಇಲ್ಲ. ಖರೀದಿ ನಿಲ್ಲಿಸಬೇಕಾಗಿಲ್ಲ, ಸಾಲಕ್ಕೂ ಅಡ್ಡಿಯಿಲ್ಲ. 1948ರ ಮೇ 3ರಂದು ಶೆಲ್ಲಿ–ಕ್ರೇಮರ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿ ಮಾಡುವಂತಿಲ್ಲ ಎಂದಿತು. ಸೇಂಟ್ ಲೂಯಿಯ ಕಪ್ಪು ಕುಟುಂಬವೊಂದು ಕೊಂಡ ಮನೆಯ ಮೇಲೆ ನೆರೆಯವರು ಹೂಡಿದ್ದ ದಾವೆ ಅದು. ಆದರೆ ಆ ತೀರ್ಪು ಷರತ್ತು ಬರೆಯುವುದನ್ನು ಅಪರಾಧ ಎನ್ನಲಿಲ್ಲ. ಜನ ತಮ್ಮ ತಮ್ಮಲ್ಲಿ ಬರೆದುಕೊಳ್ಳಬಹುದು, ಕೋರ್ಟು ಮಾತ್ರ ಕೈಜೋಡಿಸುವುದಿಲ್ಲ ಎಂದಷ್ಟೇ ಹೇಳಿತು. ಹಾಗಾಗಿ 1948ರ ನಂತರದ ಪತ್ರಗಳಲ್ಲೂ ಈ ಕಲಮು ಸಿಗುತ್ತದೆ. ಷರತ್ತು ಮುರಿದು ಮಾರಿದವರಿಂದ ನಷ್ಟ ಪರಿಹಾರ ಕೇಳುವ ದಾರಿ 1953ರಲ್ಲಿ ಮುಚ್ಚಿತು. ಮನೆ ಮಾರಾಟ ಮತ್ತು ಬಾಡಿಗೆಯಲ್ಲಿ ಜನಾಂಗ ನೋಡುವುದನ್ನೇ ನಿಷೇಧಿಸಿದ ಒಕ್ಕೂಟದ ಕಾಯ್ದೆ ಬಂದದ್ದು 1968ರ ಏಪ್ರಿಲ್ 11ರಂದು, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರಕ್ಕೆ.

ತೆಗೆಸುವ ಕ್ರಮ. ಕ್ಯಾಲಿಫೋರ್ನಿಯಾದಲ್ಲಿ 2021ರಲ್ಲಿ ಆದ ತಿದ್ದುಪಡಿ 2022ರ ಜುಲೈ 1ರಿಂದ ಜಾರಿಯಲ್ಲಿದೆ. ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ (ನಮ್ಮ ಸಬ್ ರಿಜಿಸ್ಟ್ರಾರ್ ಕಚೇರಿಯಂತೆ) ‘ರಿಸ್ಟ್ರಿಕ್ಟಿವ್ ಕವನೆಂಟ್ ಮಾಡಿಫಿಕೇಷನ್’ ಎಂಬ ನಮೂನೆ ಸಿಗುತ್ತದೆ. ಮೊದಲು ಮೂಲ ಷರತ್ತುಪತ್ರದ ನೋಂದಣಿ ಸಂಖ್ಯೆ, ಅಥವಾ ಪುಸ್ತಕ ಮತ್ತು ಪುಟದ ಸಂಖ್ಯೆ ಹುಡುಕಿಕೊಳ್ಳಿ. ಪ್ರಿಲಿಮಿನರಿ ಟೈಟಲ್ ರಿಪೋರ್ಟಿನ ‘ಎಕ್ಸೆಪ್ಷನ್ಸ್’ ಪಟ್ಟಿಯಲ್ಲಿ ಅದು ಇರುತ್ತದೆ. ಆ ಪತ್ರದ ಪೂರ್ಣ ಪ್ರತಿ ತೆಗೆದು, ಜನಾಂಗದ ಸಾಲುಗಳನ್ನು ಮಾತ್ರ ಗೆರೆ ಎಳೆದು ಹೊಡೆದುಹಾಕಿ, ನಮೂನೆಗೆ ಲಗತ್ತಿಸಿ ಸಲ್ಲಿಸಬೇಕು. ಕೌಂಟಿಯ ವಕೀಲರು ನೋಡುತ್ತಾರೆ, ಮೂರು ತಿಂಗಳವರೆಗೂ ಹಿಡಿಯಬಹುದು. ಒಪ್ಪಿದರೆ ನೋಂದಣಿಯಾಗುತ್ತದೆ. ನೋಂದಣಿ ಶುಲ್ಕ ಇಲ್ಲ. ಖರೀದಿ ಮುಗಿಯುವ ಮುನ್ನ ಕೇಳಿದರೆ ಅರ್ಜಿ ತಯಾರಿಸಲು ಟೈಟಲ್ ಕಂಪನಿ ಅಥವಾ ಎಸ್ಕ್ರೋ ಕಂಪನಿ (ಖರೀದಿ ಮುಗಿಯುವವರೆಗೆ ಹಣ, ಪತ್ರ ಇಟ್ಟುಕೊಳ್ಳುವ ಮಧ್ಯವರ್ತಿ) ನೆರವಾಗಬೇಕು, ಆದ್ದರಿಂದ ಈಗಲೇ ಕೇಳಿಬಿಡಿ.

ಅರ್ಜಿ ತಿರುಗಿ ಬರುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಮೂಲ ಷರತ್ತುಪತ್ರದ ಬದಲು ಜನ ತಮ್ಮ ಕ್ರಯಪತ್ರವನ್ನು ಲಗತ್ತಿಸುತ್ತಾರೆ. ಕಲಮು ಇರುವುದು ಲೇಔಟ್ ಮಾಡಿದವನ ಪತ್ರದಲ್ಲಿ. ನಿಮ್ಮ ಕ್ರಯಪತ್ರದಲ್ಲಿ ‘ದಾಖಲಾದ ಷರತ್ತುಗಳಿಗೆ ಒಳಪಟ್ಟು’ ಎಂಬ ಒಂದು ಸಾಲು ಇದ್ದೀತು, ಅಷ್ಟೆ. ಎರಡನೆಯದಾಗಿ, ಇದೇ ಅವಕಾಶವೆಂದು ಕೋಳಿಯ ಷರತ್ತನ್ನೂ ಸೆಟ್‌ಬ್ಯಾಕ್ ಷರತ್ತನ್ನೂ ಹೊಡೆದು ಕಳಿಸುತ್ತಾರೆ. ಅದು ನಡೆಯುವುದಿಲ್ಲ. ಮೂರನೆಯದು, 80 ವರ್ಷ ಹಳೆಯ ಮೈಕ್ರೋಫಿಲ್ಮಿನ ಪ್ರತಿ ಓದಲು ಬಾರದಿರುವುದು. ಕಚೇರಿಯಿಂದಲೇ ಸ್ಪಷ್ಟ ಪ್ರತಿ ಪಡೆಯಿರಿ. ಸಹಿಗೆ ನೋಟರಿ ಬೇಕೇ ಎಂಬುದನ್ನು ಆ ಕೌಂಟಿಯ ನಮೂನೆಯಲ್ಲೇ ನೋಡಿಕೊಳ್ಳಿ.

ಒಂದು ಮಾತು: ಮೂಲ ಪತ್ರ ನಾಶವಾಗುವುದಿಲ್ಲ, ಕಚೇರಿಯ ದಾಖಲೆಯಲ್ಲಿ ಉಳಿಯುತ್ತದೆ. ಅದು ಸರಿಯಾದ ಏರ್ಪಾಡು. ಯಾರನ್ನು ಎಲ್ಲಿಂದ ಹೊರಗಿಟ್ಟರು ಎಂಬುದಕ್ಕೆ ಸಾಕ್ಷಿ ಆ ಕಾಗದವೇ.

ನಕ್ಷೆಗಾರ:

ಮೂರನೇ ಪ್ರಶ್ನೆಗೆ. ಬಿಲ್ಡರ್, ಏಜೆಂಟ್, ಬ್ಯಾಂಕು, ಸರ್ಕಾರ ನಾಲ್ವರೂ ಇದ್ದರು. ಒಬ್ಬರ ನಿಯಮ ಇನ್ನೊಬ್ಬರ ನಿಯಮಕ್ಕೆ ಆಸರೆಯಾಗಿತ್ತು.

1910ರ ಸುಮಾರಿಗೆ ಬಾಲ್ಟಿಮೋರ್‌ನಂಥ ನಗರಗಳು ಯಾವ ಬೀದಿಯಲ್ಲಿ ಯಾವ ಜನಾಂಗ ಇರಬೇಕು ಎಂದು ನೇರವಾಗಿ ಕಾನೂನನ್ನೇ ಮಾಡಿದ್ದವು. ಲೂಯಿವಿಲ್ ನಗರದ ಅಂಥ ಕಾನೂನನ್ನು 1917ರಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತು. ನಗರಸಭೆ ಮಾಡಲಾಗದ್ದನ್ನು ಖಾಸಗಿ ಪತ್ರದಲ್ಲಿ ಬರೆಸಿದರಾಯಿತು ಎಂಬ ದಾರಿಗೆ ಆಮೇಲೆ ವೇಗ ಬಂತು. 1926ರಲ್ಲಿ ಅದೇ ಕೋರ್ಟು ಖಾಸಗಿ ಷರತ್ತಿನಲ್ಲಿ ತಾನು ಕೈಹಾಕುವುದಿಲ್ಲ ಎಂದ ಮೇಲೆ ತಡೆಯೇ ಇರಲಿಲ್ಲ. 1924ರಲ್ಲಿ ರಿಯಲ್ ಎಸ್ಟೇಟ್ ಮಂಡಳಿಗಳ ರಾಷ್ಟ್ರೀಯ ಸಂಘ ತನ್ನ ನೀತಿಸಂಹಿತೆಯಲ್ಲೇ ಒಂದು ನಿಯಮ ಸೇರಿಸಿತು: ಆಸ್ತಿಯ ಬೆಲೆಗೆ ಹಾನಿಯಾಗುವಂಥ ಜನಾಂಗದವರನ್ನು ಏಜೆಂಟರು ಬಡಾವಣೆಯೊಳಗೆ ತರಬಾರದು. ಬಿಳಿಯರ ಬೀದಿಯಲ್ಲಿ ಕಪ್ಪು ಕುಟುಂಬಕ್ಕೆ ಮನೆ ತೋರಿಸಿದ ಏಜೆಂಟನೇ ನೀತಿ ತಪ್ಪಿದವನು ಎಂದಾಯಿತು.

ಹೊಸ ಲೇಔಟಿನಲ್ಲಿ ಬಿಲ್ಡರ್ ಒಬ್ಬನೇ ಬರೆಸಿದರೆ ಸಾಕು. ಹಳೆಯ ಬಡಾವಣೆಗಳಲ್ಲಿ ಮನೆಮನೆಗೂ ಹೋಗಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಚಿಕಾಗೋದ ಒಂದು ಒಪ್ಪಂದದಲ್ಲಿ ಬೀದಿ ಬದಿಯ ಅಳತೆಯ ಪ್ರಕಾರ ಶೇ 95ರಷ್ಟು ಒಡೆಯರ ಸಹಿ ಬೇಕೆಂದಿತ್ತು. ಶೇ 54ರಷ್ಟು ಮಾತ್ರ ಬಿದ್ದಿತ್ತು ಎಂಬುದು 1940ರ ಹ್ಯಾನ್ಸ್‌ಬೆರಿ–ಲೀ ಮೊಕದ್ದಮೆಯಲ್ಲಿ ಹೊರಬಿತ್ತು. ಅಷ್ಟು ಹೊತ್ತಿಗೆ ಹಿಂದಿನ ಒಂದು ಮೊಕದ್ದಮೆಯಲ್ಲಿ 95 ಸಂದಿದೆ ಎಂದು ಎರಡೂ ಕಡೆಯವರು ಒಪ್ಪಿಕೊಂಡಾಗಿತ್ತು, ಕೋರ್ಟೂ ನಂಬಿತ್ತು.

ಇನ್ನು ಸರ್ಕಾರ. 1930ರ ದಶಕಕ್ಕೆ ಮುನ್ನ ಮನೆ ಸಾಲವೆಂದರೆ ಅರ್ಧ ಬೆಲೆ ಕೈಯಿಂದ ಹಾಕಿ, ಐದಾರು ವರ್ಷ ಬಡ್ಡಿ ಕಟ್ಟಿ, ಕೊನೆಗೆ ಅಸಲನ್ನು ಒಂದೇ ಗಂಟಿನಲ್ಲಿ ತೀರಿಸುವುದು. ಸಾಮಾನ್ಯನ ಕೈಗೆ ಎಟುಕದ ಲೆಕ್ಕ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಸಾಲಕ್ಕೆ ವಿಮೆ ಕೊಟ್ಟಿತು. ಬ್ಯಾಂಕಿಗೆ ಮುಳುಗುವ ಭಯ ಹೋಯಿತು. ಮನೆ ಬೆಲೆಯ ಶೇ 80, 1938ರ ನಂತರ ಸಣ್ಣ ಮನೆಗಳಿಗೆ ಶೇ 90ರವರೆಗೂ ಸಾಲ ಸಿಗತೊಡಗಿತು. ತಿಂಗಳ ಕಂತಿನಲ್ಲೇ ಅಸಲೂ ತೀರುತ್ತಿತ್ತು. ಅಮೆರಿಕದ ಮಧ್ಯಮ ವರ್ಗ ಬೆಳೆದದ್ದು ಈ ಕಂತಿನ ಮೇಲೆ.

ಆದರೆ ವಿಮೆ ಬೇಕಾದರೆ ಬಡಾವಣೆಗೆ ಅಂಕ ಬೀಳಬೇಕು. ಅಂಕ ಹಾಕುವವರ ಕೈಪಿಡಿ ಜನಾಂಗ ಬೆರೆಯುವುದನ್ನು ಅಪಾಯದ ಪಟ್ಟಿಗೆ ಸೇರಿಸಿತ್ತು, ಜನಾಂಗದ ಷರತ್ತು ಬರೆಸಿರುವುದು ಒಳ್ಳೆಯದೆಂದು ಶಿಫಾರಸು ಮಾಡಿತ್ತು. ನಿಮ್ಮ 1941ರ ಬಿಲ್ಡರ್‌ಗೆ ಯಾರ ಮೇಲೂ ದ್ವೇಷವೇ ಇರಲಿಲ್ಲ ಎಂದಿಟ್ಟುಕೊಳ್ಳೋಣ. ಅಗ್ಗದ ಸಾಲ ಬೇಕಿದ್ದರೆ ಅವನೂ ಆ ಕಲಮು ಬರೆಸುತ್ತಿದ್ದ. ಸಾಂಸ್ಥಿಕ ತಾರತಮ್ಯ ಎನ್ನುವುದು ಇದನ್ನೇ. ಅದೇ 1941ರಲ್ಲಿ ಡೆಟ್ರಾಯ್ಟ್‌ನಲ್ಲಿ ಕಪ್ಪು ಜನರ ಕೇರಿಯ ಪಕ್ಕದಲ್ಲೇ ಬಿಳಿಯರಿಗೆ ಮನೆ ಕಟ್ಟಹೊರಟ ಬಿಲ್ಡರ್‌ಗೆ ವಿಮೆ ಸಿಗಲಿಲ್ಲ. ಅವನು ಎರಡರ ನಡುವೆ ಆರು ಅಡಿ ಎತ್ತರದ, ಸುಮಾರು ಅರ್ಧ ಮೈಲಿ ಉದ್ದದ ಕಾಂಕ್ರೀಟ್ ಗೋಡೆ ಎಬ್ಬಿಸಿದ. ಒಪ್ಪಿಗೆ ಬಂತು. ಗೋಡೆ ಇನ್ನೂ ನಿಂತಿದೆ.

‘ರೆಡ್‌ಲೈನಿಂಗ್’ (ಕೆಲವು ಪ್ರದೇಶಗಳನ್ನು ಅಪಾಯದವೆಂದು ಗುರುತಿಸಿ ಸಾಲ ನಿರಾಕರಿಸುವುದು) ಎಂದಾಗ ಎಲ್ಲರೂ ತೋರಿಸುವ ಬಣ್ಣದ ನಕ್ಷೆಗಳು ಬೇರೊಂದು ಸಂಸ್ಥೆಯವು. 1933ರ ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್ 1935ರಿಂದ 1940ರ ಒಳಗೆ 200ಕ್ಕೂ ಹೆಚ್ಚು ನಗರಗಳಿಗೆ ಅವನ್ನು ಮಾಡಿಸಿತು. ಹಸಿರು ಉತ್ತಮ, ನಂತರ ನೀಲಿ, ಹಳದಿ, ಕೊನೆಗೆ ಕೆಂಪು. ಪ್ರತಿ ಪ್ರದೇಶಕ್ಕೂ ಒಂದು ವಿವರಣಾ ಹಾಳೆ: ವಿದೇಶಿ ಮೂಲದವರು ಶೇಕಡಾ ಎಷ್ಟು, ಕಪ್ಪು ಜನ ಇದ್ದಾರೆಯೇ ಇಲ್ಲವೇ, ಯಾರ ‘ನುಸುಳುವಿಕೆ’ ನಡೆದಿದೆ ಎಂದು ತುಂಬಲು ಖಾನೆಗಳು. ಇಲ್ಲಿ ಜನ ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಆ ಸಂಸ್ಥೆ ತಾನು ಕೊಟ್ಟ ಸುಮಾರು ಹತ್ತು ಲಕ್ಷ ಸಾಲಗಳಲ್ಲಿ ಬಹುಪಾಲನ್ನು ನಕ್ಷೆ ಸಿದ್ಧವಾಗುವ ಮೊದಲೇ ಕೊಟ್ಟಾಗಿತ್ತು. ಆದ್ದರಿಂದ ಎಲ್ಲ ಹಾನಿಯನ್ನೂ ಆ ನಕ್ಷೆಗಳ ತಲೆಗೆ ಕಟ್ಟಬೇಡಿ. ದಶಕಗಳ ಕಾಲ ಸಾಲದ ನಲ್ಲಿಯನ್ನು ಹಿಡಿದದ್ದು ಸಾಲಕ್ಕೆ ವಿಮೆ ಕೊಡುತ್ತಿದ್ದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್. ಅದರ ಹತ್ತಿರ ಅದರದೇ ನಕ್ಷೆ, ಅದರದೇ ಕೈಪಿಡಿ ಇದ್ದವು. ಜನಾಂಗದ ಷರತ್ತುಳ್ಳ ಹೊಸ ಆಸ್ತಿಗೆ ವಿಮೆ ಕೊಡುವುದನ್ನು ಅದು ನಿಲ್ಲಿಸಿದ್ದು 1950ರ ಫೆಬ್ರವರಿ 15ರ ನಂತರ. ಶೆಲ್ಲಿ ತೀರ್ಪಾಗಿ ಆಗಲೇ ಎರಡು ವರ್ಷ ಸಮೀಪಿಸಿತ್ತು.

ಬಯಲುಸೀಮೆ_77:

ವಿವರಗಳಿಗೆ ಧನ್ಯವಾದ. ಆದರೆ ನನಗೆ ಒಂದು ವಿಷಯ ಒಪ್ಪಿಗೆಯಾಗುತ್ತಿಲ್ಲ. 1968ರಲ್ಲಿ ಕಾಯ್ದೆ ಬಂತು, ಎರಡು ತಲೆಮಾರು ಕಳೆದವು. ನಮ್ಮವರು ಅಲ್ಲಿಗೆ ಬರಿಗೈಯಲ್ಲಿ ಹೋಗಿ ಓದಿ ದುಡಿದು ಮನೆ ಮಾಡಿಕೊಂಡರು. ಯಹೂದಿಗಳನ್ನೂ ಚೀನೀಯರನ್ನೂ ಇದೇ ಷರತ್ತುಗಳು ಹೊರಗಿಟ್ಟಿದ್ದವಲ್ಲ, ಅವರು ಮೇಲೆ ಬರಲಿಲ್ಲವೇ? ಈಗಲೂ ಹಳೆಯ ಕಾಗದವನ್ನೇ ಕಾರಣ ಮಾಡುವುದು ಎಷ್ಟು ಸರಿ?

ಗಂಗಾವತಿ_ಮಲ್ಲಿಗೆ:

ಈ ಪ್ರಶ್ನೆ ಬಹಳ ಜನರ ಮನಸ್ಸಿನಲ್ಲಿದೆ, ಅದಕ್ಕೆ ಲೆಕ್ಕ ಹಿಡಿದೇ ಉತ್ತರಿಸಬೇಕು.

ನ್ಯೂಯಾರ್ಕ್ ಪಕ್ಕದ ಲೆವಿಟೌನ್ ತೆಗೆದುಕೊಳ್ಳಿ. 1947ರಿಂದ ಕಟ್ಟಿದ 17,000ಕ್ಕೂ ಹೆಚ್ಚು ಮನೆಗಳು. 1949ರಲ್ಲಿ ಒಂದರ ಬೆಲೆ 7,990 ಡಾಲರ್. ಯುದ್ಧದಿಂದ ಮರಳಿದ ಸೈನಿಕನಿಗೆ ಡೌನ್ ಪೇಮೆಂಟ್ ಇಲ್ಲ, ತಿಂಗಳಿಗೆ 58 ಡಾಲರ್. ಕಾರ್ಖಾನೆಯ ಕೆಲಸಗಾರನೂ ಕಟ್ಟಬಹುದಾದ ಕಂತು. ಅದೇ ಯುದ್ಧದಲ್ಲಿ ಹೋರಾಡಿದ ಕಪ್ಪು ಸೈನಿಕನಿಗೆ ಅಲ್ಲಿ ಪ್ರವೇಶವಿರಲಿಲ್ಲ. 1960ರಲ್ಲೂ ಅಲ್ಲಿದ್ದವರು ಬಹುತೇಕ ಎಲ್ಲರೂ ಬಿಳಿಯರೇ. ದಕ್ಷಿಣದ ಮಿಸಿಸಿಪಿಯಲ್ಲಂತೂ 1947ರಲ್ಲಿ ಮಾಜಿ ಸೈನಿಕರಿಗೆ ಸರ್ಕಾರದ ಖಾತರಿಯ ಮೇಲೆ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಜನರಿಗೆ ದಕ್ಕಿದ್ದು ಎರಡು.

ಬ್ಯಾಂಕ್ ಸಾಲ ಸಿಗದವರು ಮನೆ ಕೊಳ್ಳಲೇ ಇಲ್ಲವೇ? ಕೊಂಡರು, ಆದರೆ ‘ಕಾಂಟ್ರ್ಯಾಕ್ಟ್’ ಮೇಲೆ. 1950–60ರ ದಶಕದ ಚಿಕಾಗೋದಲ್ಲಿ ದಲ್ಲಾಳಿ ಮೊದಲು ಬಿಳಿಯರ ಬೀದಿಗೆ ಹೋಗಿ ‘ಕಪ್ಪು ಜನ ಬರುತ್ತಿದ್ದಾರೆ, ಬೆಲೆ ಬೀಳುತ್ತದೆ’ ಎಂದು ಹೆದರಿಸಿ ಅಗ್ಗಕ್ಕೆ ಮನೆ ಕೊಳ್ಳುತ್ತಿದ್ದ. ಅದನ್ನೇ ಕಪ್ಪು ಕುಟುಂಬಕ್ಕೆ ದುಪ್ಪಟ್ಟು ಬೆಲೆಗೆ ಕಂತಿನ ಮೇಲೆ ಕೊಡುತ್ತಿದ್ದ. ಕ್ರಯಪತ್ರ ಆಗುತ್ತಿದ್ದುದು ಕೊನೆಯ ಕಂತು ತೀರಿದ ಮೇಲೆ. ರಿಪೇರಿ, ತೆರಿಗೆ, ವಿಮೆ ಕೊಂಡವರ ಮೇಲೆ. ಒಂದು ಕಂತು ತಪ್ಪಿದರೆ ಹೊರಗೆ ಹಾಕಬಹುದು, ಅಲ್ಲಿಯವರೆಗೆ ಕಟ್ಟಿದ್ದೆಲ್ಲ ಬಾಡಿಗೆಯ ಲೆಕ್ಕಕ್ಕೆ ಜಮೆ. ಅದೇ ಮನೆಯನ್ನು ದಲ್ಲಾಳಿ ಮತ್ತೊಬ್ಬರಿಗೆ ಹೀಗೇ ಮಾರುತ್ತಿದ್ದ. ಕಂತು ತಪ್ಪಿಸಬಾರದೆಂದು ಜನ ಎರಡೆರಡು ಕೆಲಸ ಮಾಡಿದರು, ಮನೆಯೊಳಗೆ ಬಾಡಿಗೆದಾರರನ್ನು ತುಂಬಿಸಿಕೊಂಡರು, ಸೂರಿನ ರಿಪೇರಿ ಮುಂದೂಡಿದರು. ಕೇರಿ ಹಾಳಾಯಿತು. ನೋಡಿ, ಕಪ್ಪು ಜನ ಬಂದರೆ ಹೀಗೇ ಎಂದು ಅಂಕ ಹಾಕುವವರು ಅದನ್ನೇ ಪುರಾವೆ ಮಾಡಿಕೊಂಡರು! 1968ರಲ್ಲಿ ಲಾನ್‌ಡೇಲ್ ಭಾಗದ ಜನ ಸಂಘ ಕಟ್ಟಿ ಕಂತು ನಿಲ್ಲಿಸಿ ಹೋರಾಡಿದರು. ದುಡಿಮೆಗೆ ಅವರಲ್ಲಿ ಕೊರತೆಯಿರಲಿಲ್ಲ. ದುಡಿದದ್ದು ಆಸ್ತಿಯಾಗದಂತೆ ಕಾಗದ ಬರೆಯಲಾಗಿತ್ತು.

ಎರಡು ತಲೆಮಾರು ಕಳೆದರೆ ಅಂತರ ತಾನಾಗಿ ಮುಚ್ಚುವುದಿಲ್ಲ ಏಕೆಂದರೆ ಆಸ್ತಿ ಸಂಬಳದ ಹಾಗಲ್ಲ, ಅದು ಬೆಳೆಯುತ್ತ ಮಕ್ಕಳಿಗೆ ಇಳಿಯುತ್ತದೆ. 1950ರ ಮನೆಯ ಮೇಲೆ 1975ರಲ್ಲಿ ಸಾಲ ತೆಗೆದು ಮಗಳನ್ನು ಕಾಲೇಜಿಗೆ ಕಳಿಸಬಹುದು, 2000ದಲ್ಲಿ ಅದನ್ನು ಮಾರಿ ಮೊಮ್ಮಗನ ಡೌನ್ ಪೇಮೆಂಟಿಗೆ ಕೊಡಬಹುದು. ಅಮೆರಿಕದ ಕೇಂದ್ರ ಬ್ಯಾಂಕಿನ 2022ರ ಸಮೀಕ್ಷೆಯಲ್ಲಿ ಬಿಳಿ ಕುಟುಂಬದ ಮಧ್ಯಾಂಕ (ಅರ್ಧ ಕುಟುಂಬಗಳು ಅದಕ್ಕಿಂತ ಮೇಲೆ, ಅರ್ಧ ಕೆಳಗೆ) ಸಂಪತ್ತು 2,85,000 ಡಾಲರ್, ಕಪ್ಪು ಕುಟುಂಬದ್ದು 44,900. ಆರು ಪಟ್ಟಿಗೂ ಮೇಲಿನ ಅಂತರ. ಇದರ ಮೇಲೆ ಶಾಲೆಗಳಿಗೆ ಹಣದ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತದೆ. ಮನೆ ಬೆಲೆ ಕಡಿಮೆ ಇದ್ದ ಕಡೆ ಶಾಲೆಗೂ ಹಣ ಕಡಿಮೆ. 1956ರ ನಂತರದ ಹೆದ್ದಾರಿಗಳನ್ನೂ ಇವೇ ಕೇರಿಗಳ ಎದೆಯ ಮೇಲೆ ಹಾಯಿಸಿದರು: ಸೇಂಟ್ ಪಾಲ್‌ನ ರೊಂಡೊ, ಮಯಾಮಿಯ ಓವರ್‌ಟೌನ್, ಡೆಟ್ರಾಯ್ಟ್‌ನ ಬ್ಲ್ಯಾಕ್ ಬಾಟಮ್. 2020ರಲ್ಲಿ 108 ನಗರಗಳ ನೆಲದ ತಾಪ ಅಳೆದ ಅಧ್ಯಯನದಲ್ಲಿ ಹಳೆಯ ಕೆಂಪು ಪ್ರದೇಶಗಳು ಉಳಿದವಕ್ಕಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿ ಎಂದು ಕಂಡಿತು. ಮರ ಕಡಿಮೆ, ಡಾಂಬರು ಹೆಚ್ಚು.

ಯಹೂದಿಗಳ ಮಾತು. ಷರತ್ತುಗಳು ಅವರನ್ನೂ ತಡೆದಿದ್ದವು, ನಿಜ. ಆದರೆ ಯುದ್ಧದ ನಂತರ ಸಾಲದ ಬಾಗಿಲು ಅವರಿಗೆ ತೆರೆಯಿತು. ಲೆವಿಟೌನ್ ಕಟ್ಟಿದ ಲೆವಿಟ್ ಕುಟುಂಬವೇ ಯಹೂದಿಗಳದು. ಅದೇ ಬಾಗಿಲು ಕಪ್ಪು ಜನರಿಗೆ ಇನ್ನೂ ಇಪ್ಪತ್ತು ವರ್ಷ ಮುಚ್ಚಿತ್ತು. ‘ನಮ್ಮವರ’ ಬಗ್ಗೆ ಹೇಳುವುದಾದರೆ, ಹೆಚ್ಚಿನವರು ಹೋದದ್ದು 1965ರ ವಲಸೆ ಕಾಯ್ದೆಯ ನಂತರ. ಡಾಕ್ಟರು, ಎಂಜಿನಿಯರು ಎಂದು ಆಯ್ದು ಕರೆಸಿಕೊಂಡವರು. ಬಹುಪಾಲು ಮಂದಿ ಮನೆ ಕೊಳ್ಳುವ ಹೊತ್ತಿಗೆ 1968ರ ಕಾಯ್ದೆ ಬಂದಾಗಿತ್ತು. ಆ ಕಾಯ್ದೆಗಾಗಿ ಪೆಟ್ಟು ತಿಂದವರು ಬೇರೆಯವರು.

ಕಾಗದಪತ್ರ:

ಮಲ್ಲಿಗೆ ಮೇಡಂ ಹೇಳಿದ್ದಕ್ಕೆ ಒಂದಿಷ್ಟು ಸೇರಿಸುತ್ತೇನೆ. 1965ಕ್ಕೂ ಮೊದಲು ಹೋಗಿದ್ದ ಭಾರತೀಯರಿಗೆ ಈ ಕಲಮು ನೇರವಾಗಿ ತಾಗಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಭಾರತೀಯರು ‘ಬಿಳಿಯರು’ ಅಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಆಗಲೇ ಪಡೆದಿದ್ದ ಹಲವರ ಪೌರತ್ವ ರದ್ದಾಯಿತು. ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಪೌರತ್ವಕ್ಕೆ ಅರ್ಹರಲ್ಲದ ವಿದೇಶಿಯರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಒಂದು ತೀರ್ಪಿನಿಂದ ಪೌರತ್ವವೂ ನೆಲವೂ ಎರಡೂ ಹೋದವು. ವೈಷ್ಣೋ ದಾಸ್ ಬಗಾಯಿ ಅವರ ಕುಟುಂಬ ಬರ್ಕ್ಲಿಯಲ್ಲಿ ಮನೆ ಕೊಂಡು ಹೋದಾಗ ನೆರೆಯವರು ಆ ಮನೆಗೆ ಬೀಗ ಹಾಕಿದ್ದರು. ಪೌರತ್ವ ಕಳೆದುಕೊಂಡ ಅವರು 1928ರಲ್ಲಿ ಪ್ರಾಣ ಕಳೆದುಕೊಂಡರು. ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದದ್ದು 1946ರಲ್ಲಿ.

ಅಂದಹಾಗೆ ನಿಮ್ಮ ರಾಜ್ಯದ್ದೇ ಇನ್ನೊಂದು ಸಂಗತಿ. 1963ರಲ್ಲಿ ಕ್ಯಾಲಿಫೋರ್ನಿಯಾ ಶಾಸಕಾಂಗ ಮನೆ ಮಾರಾಟ, ಬಾಡಿಗೆಯಲ್ಲಿ ತಾರತಮ್ಯ ನಿಷೇಧಿಸಿತು. ಮರುವರ್ಷವೇ ಜನಮತ ಗಣನೆಯಲ್ಲಿ ಮೂರನೇ ಎರಡರಷ್ಟು ಮತದಾರರು ಅದನ್ನು ನಿಷ್ಫಲಗೊಳಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟರು. ರಿಯಲ್ ಎಸ್ಟೇಟ್ ಸಂಘವೇ ಮುಂದೆ ನಿಂತು ನಡೆಸಿದ ಪ್ರಚಾರ ಅದು. 1967ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಬಹುಸಂಖ್ಯಾತರ ಮತದಿಂದಲೇ ತಾರತಮ್ಯ ನಿಲ್ಲುತ್ತದೆ ಎಂದು ಕಾಯುವವರು ಇದನ್ನು ನೆನಪಿಡಬೇಕು.

ವಾಷಿಂಗ್ಟನ್ ರಾಜ್ಯ ಇನ್ನೊಂದು ದಾರಿ ಹಿಡಿದಿದೆ. 2023ರ ಕಾಯ್ದೆಯಂತೆ ಆಸ್ತಿ ಪತ್ರಗಳ ನೋಂದಣಿಗೆ 100 ಡಾಲರ್ ಹೆಚ್ಚುವರಿ ವಸೂಲು ಮಾಡಿ, 1968ರ ಏಪ್ರಿಲ್‌ಗೆ ಮೊದಲು ಆ ರಾಜ್ಯದಲ್ಲಿದ್ದು ಹೊರಗಿಡಲ್ಪಟ್ಟ ಸಮುದಾಯದವರಿಗೆ ಮತ್ತು ಅವರ ಮಕ್ಕಳು ಮೊಮ್ಮಕ್ಕಳಿಗೆ ಮೊದಲ ಮನೆಯ ಡೌನ್ ಪೇಮೆಂಟಿಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿದ್ದಾರೆ. ಆದಾಯದ ಮಿತಿ ಇದೆ. ಪಟ್ಟಿಯಲ್ಲಿ ಕಪ್ಪು ಜನರ ಜೊತೆ ಭಾರತೀಯ ಮೂಲದವರೂ ಇದ್ದಾರೆ. ಇತ್ತೀಚೆಗೆ ಹೋಗಿ ನೆಲೆಸಿದವರಿಗೆ ಅನ್ವಯಿಸುವುದಿಲ್ಲ.

ತುಂಗಾತೀರ:

ಎಲ್ಲರಿಗೂ ಕೃತಜ್ಞತೆಗಳು. ಕೊನೆಯದಾಗಿ ಒಂದು: ಇವತ್ತು ಪತ್ರದಲ್ಲಿ ಏನೂ ಬರೆಯದೆಯೇ ಹೀಗೆ ನಡೆಯುತ್ತಿದ್ದರೆ ಗುರುತಿಸುವುದು ಹೇಗೆ?

ನಕ್ಷೆಗಾರ:

ಬೆಂಗಳೂರಿನಲ್ಲಿ ಬಾಡಿಗೆ ಮನೆ ಕೇಳಲು ಹೋದಾಗ ‘ನೀವು ಯಾವ ಜನ?’ ಎಂಬ ಪ್ರಶ್ನೆ ಕೇಳಿಸಿಕೊಂಡವರಿಗೆ ಕಾಗದವಿಲ್ಲದ ತಾರತಮ್ಯ ಹೊಸದಲ್ಲ. ಅಮೆರಿಕದಲ್ಲಿ ಅಷ್ಟು ನೇರವಾಗಿ ಕೇಳುವುದಿಲ್ಲ, ಹಾಗಾಗಿ ಹಿಡಿಯುವುದು ಕಷ್ಟ.

ಹಿಡಿಯುವ ವಿಧಾನ ಜೋಡಿ ಪರೀಕ್ಷೆ. ಆದಾಯ, ಬಜೆಟ್ಟು, ಬೇಡಿಕೆ ಎಲ್ಲ ಒಂದೇ ಇರುವ ಇಬ್ಬರನ್ನು, ಜನಾಂಗ ಮಾತ್ರ ಬೇರೆಯಿರುವಂತೆ, ಒಬ್ಬನೇ ಏಜೆಂಟನ ಬಳಿ ಕಳಿಸಿ ಯಾರಿಗೆ ಯಾವ ಮನೆ ತೋರಿಸಿದ ಎಂದು ತಾಳೆ ನೋಡುವುದು. ಲಾಂಗ್ ಐಲೆಂಡ್‌ನಲ್ಲಿ ‘ನ್ಯೂಸ್‌ಡೇ’ ಪತ್ರಿಕೆ ಹೀಗೆ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಲ್ಲಿ ಕಪ್ಪು ಪರೀಕ್ಷಕರಿಗೆ ಶೇ 49, ಹಿಸ್ಪಾನಿಕರಿಗೆ ಶೇ 39, ಏಷ್ಯನ್ನರಿಗೆ ಶೇ 19ರಷ್ಟು ಸಲ ಅಸಮಾನ ವರ್ತನೆ ಕಂಡುಬಂತು. ಕೆಲವು ಏಜೆಂಟರು ಸಾಲದ ಮುಂಗಡ ಒಪ್ಪಿಗೆಪತ್ರವನ್ನು ಒಬ್ಬರಿಗೆ ಕೇಳಿ ಇನ್ನೊಬ್ಬರಿಗೆ ಕೇಳದೆ ಮನೆ ತೋರಿಸಿದ್ದರು.

ನೀವು ಮಾಡಬಹುದಾದದ್ದು: ಏಜೆಂಟ್ ತಾನಾಗಿ ‘ಆ ಕಡೆ ನಿಮಗೆ ಸರಿಹೋಗಲ್ಲ’, ‘ಈ ಕಡೆ ನಿಮ್ಮವರು ಜಾಸ್ತಿ’ ಎಂದರೆ ದಿನಾಂಕ ಸಮೇತ ಬರೆದಿಟ್ಟುಕೊಳ್ಳಿ, ಸಾಧ್ಯವಾದಷ್ಟೂ ಮಾತುಕತೆಯನ್ನು ಇಮೇಲಿನಲ್ಲೇ ನಡೆಸಿ. ಸಾಲ ನಿರಾಕರಿಸಿದರೆ 30 ದಿನದೊಳಗೆ ಬ್ಯಾಂಕು ತಿಳಿಸಬೇಕು. ಆ ಪತ್ರದಲ್ಲಿ ಕಾರಣ ಇರದಿದ್ದರೆ ಬರವಣಿಗೆಯಲ್ಲಿ ಕೇಳಿ ಪಡೆಯಿರಿ. ಮನೆಯ ಬೆಲೆ ಅನುಮಾನ ಬರುವಷ್ಟು ಕಡಿಮೆ ಕಟ್ಟಿದ್ದರೆ ಅಪ್ರೈಸಲ್ (ಮನೆಯ ಮೌಲ್ಯಮಾಪನ) ವರದಿ ತರಿಸಿ, ಹೋಲಿಕೆಗೆ ತೆಗೆದುಕೊಂಡ ಮನೆಗಳು ಯಾವ ಬೀದಿಯವು ಎಂದು ಮೊದಲು ನೋಡಿ. ಪಕ್ಕದ ಬೀದಿಯಲ್ಲಿ ಇತ್ತೀಚೆಗೆ ಮಾರಾಟವಾದ ಸರಿಸಮಾನ ಮನೆಗಳನ್ನು ಬಿಟ್ಟು ದೂರದ ಅಗ್ಗದ ಕೇರಿಯವನ್ನು ಎತ್ತಿಕೊಂಡಿದ್ದರೆ, ಆ ಮನೆಗಳ ವಿವರ ಸೇರಿಸಿ ಬ್ಯಾಂಕಿಗೆ ಮರುಪರಿಶೀಲನೆಯ ಅರ್ಜಿ ಕೊಡಿ. ಒಕ್ಕೂಟದ ವಸತಿ ಇಲಾಖೆಗೆ ದೂರು ಕೊಡಲು ಘಟನೆಯಿಂದ ಒಂದು ವರ್ಷ, ಕೋರ್ಟಿಗೆ ಹೋಗಲು ಎರಡು ವರ್ಷ ಗಡುವು. ಮನೆ ಸಿಕ್ಕಿತಲ್ಲ ಎಂದು ಸುಮ್ಮನಾಗಿ ಈ ಗಡುವು ಕಳೆದುಕೊಳ್ಳುವವರೇ ಹೆಚ್ಚು, ಮುಂದೆ ಅದೇ ಏಜೆಂಟನ ಬಳಿ ಹೋಗುವವರ ದೂರಿಗೂ ನಿಮ್ಮ ದೂರು ಬಲ ಕೊಡುತ್ತದೆ.